ಗ್ರೀನಿಚ್‌ನಲ್ಲಿ ಬಡಗಿಯ ಗಡಿಯಾರಗಳು

ಗ್ರೀನಿಚ್ ಗುಡ್ಡ ಹತ್ತಿದವರೆಲ್ಲ ಮೊದಲು ಹುಡುಕುವುದು ವೀಕ್ಷಣಾಲಯದ ಅಂಗಳದಲ್ಲಿರುವ ಲೋಹದ ಗೆರೆಯನ್ನು. ಶೂನ್ಯ ರೇಖಾಂಶದ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೊ ತೆಗೆಸಿಕೊಳ್ಳಲು ಉದ್ದನೆಯ ಸಾಲು. ನಮ್ಮನ್ನು ಕರೆತಂದ ಪ್ರವಾಸಿ ಸಂಸ್ಥೆ ಕೊಟ್ಟ ಮುಕ್ಕಾಲು ಗಂಟೆ ಆ ಸಾಲಿನಲ್ಲೇ ಕಳೆದುಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮರುದಿನ ತಂಡವನ್ನು ಬಿಟ್ಟು, ತಮ್ಮನೊಂದಿಗೆ ವೆಸ್ಟ್‌ಮಿನ್‌ಸ್ಟರ್‌ನಿಂದ ದೋಣಿ ಹತ್ತಿ ಮತ್ತೆ ಬಂದೆ. ನೀವು ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ; ಗೆರೆಯ ಗೊಡವೆ ಬಿಟ್ಟು ನೇರವಾಗಿ ಫ್ಲ್ಯಾಮ್‌ಸ್ಟೀಡ್ ಹೌಸ್ ಒಳಕ್ಕೆ ನಡೆಯಿರಿ. ಜಾನ್ ಹ್ಯಾರಿಸನ್ ಮಾಡಿದ ಗಡಿಯಾರಗಳು ಇರುವುದು ಅಲ್ಲಿ.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೊರಟ ಬಂದರಿನಲ್ಲಿ ಈಗೆಷ್ಟು ಗಂಟೆ ಎಂದು ನಡುಗಡಲಲ್ಲಿ ತಿಳಿದರೆ ಸಾಕು, ಸೂರ್ಯನನ್ನು ನೋಡಿ ತಿಳಿದ ಅಲ್ಲಿಯ ಸಮಯದೊಡನೆ ಹೋಲಿಸಿ, ಹಡಗು ಎಷ್ಟು ಪೂರ್ವಕ್ಕೆ, ಎಷ್ಟು ಪಶ್ಚಿಮಕ್ಕೆ ಬಂದಿದೆಯೆಂದು ಲೆಕ್ಕ ಹಾಕಬಹುದು. ಆದರೆ ಹಡಗಿನ ಓಲಾಟದಲ್ಲಿ, ಸೆಕೆ ಚಳಿಯಲ್ಲಿ ಸರಿಯಾಗಿ ನಡೆಯುವ ಗಡಿಯಾರವೇ ಇರಲಿಲ್ಲ. 1714ರಲ್ಲಿ ಬ್ರಿಟಿಷ್ ಸಂಸತ್ತು 20,000 ಪೌಂಡ್ ಬಹುಮಾನ ಘೋಷಿಸಿತು. ಮಹಾ ಖಗೋಳಜ್ಞರು ಆಕಾಶದಲ್ಲಿ ಉತ್ತರ ಹುಡುಕುತ್ತಿದ್ದಾಗ ಅದನ್ನು ಕೈಯಲ್ಲಿ ಕಡೆದು ತೋರಿಸಿದವನು ಹಳ್ಳಿಯ ಬಡಗಿ ಹ್ಯಾರಿಸನ್.

1735ರಲ್ಲಿ ಮುಗಿದ ಎಚ್1, ಅಂದರೆ ಹ್ಯಾರಿಸನ್‌ನ ಮೊದಲ ಕಡಲ ಗಡಿಯಾರ, ಗಾಜಿನ ಪೆಟ್ಟಿಗೆಯಲ್ಲಿ ನಡೆಯುತ್ತಿತ್ತು. ಸುಮಾರು 34 ಕಿಲೋ ತೂಕ. ತುದಿಗಳಲ್ಲಿ ಹಿತ್ತಾಳೆಯ ಗುಂಡುಗಳಿರುವ ಎರಡು ದಂಡಗಳು, ನಡುವೆ ಸ್ಪ್ರಿಂಗ್‌ಗಳ ಕೊಂಡಿ. ಒಂದು ಅತ್ತ ವಾಲಿದರೆ ಇನ್ನೊಂದು ಇತ್ತ ವಾಲುತ್ತದೆ. ಹಡಗಿನ ಓಲಾಟ ಒಂದನ್ನು ಮುಂದೂಡಿದಷ್ಟೇ ಇನ್ನೊಂದನ್ನು ಹಿಂದೂಡಿ ಲೆಕ್ಕ ಸರಿಹೋಗುತ್ತದೆ. ಒಳಗಿನ ದೊಡ್ಡ ಚಕ್ರಗಳು ಓಕ್ ಮರದವು! ಪಕ್ಕದ ಎಚ್3ಕ್ಕೆ ಅವನು 19 ವರ್ಷ ಸುರಿದ. ಉಷ್ಣತೆಯ ಏರಿಳಿತ ಸರಿದೂಗಿಸಲು ಎರಡು ಲೋಹಗಳನ್ನು ಬೆಸೆದ ಪಟ್ಟಿಯನ್ನು ಅವನು ಕಂಡುಹಿಡಿದದ್ದು ಇದಕ್ಕಾಗಿಯೇ. ಇಸ್ತ್ರಿಪೆಟ್ಟಿಗೆ ಕಾದಾಗ ತಾನಾಗಿ ಆರುವುದು ಅಂಥದೇ ಪಟ್ಟಿಯಿಂದ.

ಕೊನೆಯಲ್ಲಿ ಎಚ್4. ಅಂಗೈಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿಯ ಜೇಬುಗಡಿಯಾರದಂಥದು, ಸುಮಾರು 13 ಸೆಂಟಿಮೀಟರ್ ಅಗಲ. ಮುಳ್ಳುಗಳು ನಿಂತಿದ್ದವು.

"ಕೆಟ್ಟುಹೋಗಿದೆಯೇ?" ಎಂದು ಅಲ್ಲಿದ್ದ ಹಿರಿಯ ಸಿಬ್ಬಂದಿಯನ್ನು ಕೇಳಿದೆ.

"ಇಲ್ಲ, ಕೀಲಿ ಕೊಟ್ಟರೆ ನಡೆಯುತ್ತದೆ. ನಾವೇ ನಿಲ್ಲಿಸಿದ್ದೇವೆ. ಇದಕ್ಕೆ ಎಣ್ಣೆ ಬೇಕು. ಎಣ್ಣೆ ಹಳತಾದಾಗಲೆಲ್ಲ ಬಿಚ್ಚಿ ತೊಳೆಯಬೇಕು. ನಡೆದಷ್ಟೂ ಸವೆಯುತ್ತದೆ."

"ಎಚ್1 ನಡೆಯುತ್ತಿದೆಯಲ್ಲ?"

"ಅದಕ್ಕೆ ಎಣ್ಣೆಯೇ ಬೇಡ. ಅದರ ಉರುಳೆಗಳು ಲಿಗ್ನಮ್ ವೈಟೇ ಎಂಬ ಮರದವು. ಆ ಮರದಲ್ಲೇ ಜಿಡ್ಡಿದೆ."

"ಹಾಗಾದರೆ ಬಹುಮಾನಕ್ಕೆ ಅರ್ಹವಾದದ್ದು?" ಎಂದ ತಮ್ಮ.

"ಇದೇ, ಈ ನಿಂತಿರುವುದು. 1761ರಲ್ಲಿ ಹ್ಯಾರಿಸನ್‌ನ ಮಗ ಇದನ್ನು ಜಮೈಕಾಕ್ಕೆ ಒಯ್ದ. 81 ದಿನಗಳಲ್ಲಿ ತಪ್ಪಿದ್ದು 5 ಸೆಕೆಂಡ್."

ಅಷ್ಟಾದರೂ ಬಹುಮಾನ ನಿರ್ಧರಿಸುವ ರೇಖಾಂಶ ಮಂಡಳಿ ಪೂರ್ತಿ ಹಣ ಕೊಡದೆ ಸತಾಯಿಸಿತು. ಮುದುಕನ ಅಹವಾಲನ್ನು ದೊರೆ ಮೂರನೆಯ ಜಾರ್ಜ್ ಕೇಳಬೇಕಾಯಿತು. 1773ರಲ್ಲಿ ಸಂಸತ್ತು ಉಳಿದ ಹಣ ಕೊಟ್ಟಾಗ ಅವನಿಗೆ 80 ವರ್ಷ. ಇನ್ನೂ ನೋವಾದದ್ದು, 1920ರಲ್ಲಿ ರೂಪರ್ಟ್ ಗೌಲ್ಡ್ ಎಂಬ ನೌಕಾಧಿಕಾರಿ ಕಂಡಾಗ ಈ ಗಡಿಯಾರಗಳು ಕಿಲುಬು ಹಿಡಿದು ಬಿದ್ದಿದ್ದವು ಎಂದು ತಿಳಿದಾಗ. ಅವನ್ನು ಬಿಚ್ಚಿ, ತಿಕ್ಕಿ, ಮತ್ತೆ ನಡೆಸಲು ಅವನಿಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನನ್ನ ಮಟ್ಟಿಗೆ ಈ ಕೋಣೆ ಅವನದೂ ಹೌದು.

ಲಂಡನ್ನಿನ ಉಳಿದ ದಿನಗಳಲ್ಲಿ ಹೇಳಬೇಕಾದದ್ದು ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನ ನೆಲಗಲ್ಲು ಮಾತ್ರ. ಹ್ಯಾರಿಸನ್ ಹೆಸರಿನ ಆ ಕಲ್ಲನ್ನು 2006ರಲ್ಲಿ ಕೂರಿಸಿದರು. ಅದರಲ್ಲಿ ಎರಡು ಲೋಹಗಳ ಉದ್ದನೆಯ ಪಟ್ಟಿ ಇದೆ. ಅದರ ಮೇಲೆ ಆ ಜಾಗದ್ದೇ ರೇಖಾಂಶ ಕೆತ್ತಿದ್ದಾರೆ. ಹೆಸರಾಂತ ಗಡಿಯಾರಗಾರ ಜಾರ್ಜ್ ಗ್ರಹಾಂನ ಸಮಾಧಿ ಇರುವುದೂ ಇದೇ ಅಬ್ಬೆಯಲ್ಲಿ. ಹ್ಯಾರಿಸನ್ ಎಚ್1ರ ನಕ್ಷೆ ಹಿಡಿದು ಊರಿನಿಂದ ಬಂದಾಗ, ಬಡ್ಡಿಯಿಲ್ಲದೆ ಸಾಲ ಕೊಟ್ಟು ಕಳುಹಿಸಿದವನು ಅವನು.