ಹತ್ತುವ ಕಟ್ಟೆ ಸಿದ್ಧ, ಕುದುರೆ ಇನ್ನೂ ಕಲಿಯುತ್ತಿದೆ

ಅಂಗವಿಕಲರ ಕುದುರೆ ಸವಾರಿ ತರಬೇತಿಗೆ ನಾವು ಕೆಲವರು ಸ್ವಯಂಸೇವಕರಾಗಿ ಕೈಜೋಡಿಸಿದ್ದೇವೆ. ಈ ಸಲ ಕೈಗೆತ್ತಿಕೊಂಡ ಕೆಲಸ ಒಂದೇ: ವ್ಹೀಲ್‌ಚೇರ್‌ನಲ್ಲಿ ಬರುವವರನ್ನು ನೆಲದಿಂದ ಎತ್ತಿ ಕೂರಿಸುವುದು ತಪ್ಪಬೇಕು. ಇಡೀ ಸವಾರಿಯಲ್ಲಿ ಹೆಚ್ಚು ಎಚ್ಚರ ಬೇಕಾಗುವುದು ಹತ್ತುವಾಗ ಮತ್ತು ಇಳಿಯುವಾಗ. ಅರ್ಧ ಕುರ್ಚಿಯಲ್ಲಿ, ಅರ್ಧ ಕುದುರೆಯ ಬೆನ್ನಿನ ಮೇಲೆ ಇರುವ ಹೊತ್ತಿನಲ್ಲಿ ಕುದುರೆ ಒಂದು ಹೆಜ್ಜೆ ಸರಿದರೂ ಸವಾರರು ನಡುವಿನ ಸಂದಿಗೆ ಜಾರುತ್ತಾರೆ. ಅದಕ್ಕೇ ಹೊಸ ತಡಿ, ಹೊಸ ಲಗಾಮು ಎಲ್ಲ ಆಮೇಲೆ, ಮೊದಲು ಕುರ್ಚಿ ಸಮೇತ ಏರಿ ಕುದುರೆ ಹತ್ತುವ ಕಟ್ಟೆ ಆಗಲಿ ಅಂತ ಹಟ ಹಿಡಿದೆ.

ಕಟ್ಟೆ ಮುಗಿದಿದೆ. ಎತ್ತರ 75 ಸೆಂ.ಮೀ. ಕುರ್ಚಿ ಸಲೀಸಾಗಿ ಏರಲು 1:12ರ ಇಳಿಜಾರು ಬೇಕು, ಅಂದರೆ 9 ಮೀಟರ್ ಉದ್ದ. ಒಂದೇ ನೇರಕ್ಕೆ ಅಷ್ಟು ಜಾಗವಿರಲಿಲ್ಲ, ನಡುವೆ ಸಮತಟ್ಟಾದ ತಿರುವು ಕೊಟ್ಟೆವು. ಚಕ್ರ ಅಂಚಿನಿಂದ ಆಚೆ ಹೋಗದಂತೆ ಪಕ್ಕದಲ್ಲಿ ತಡೆಪಟ್ಟಿ ಇದೆ, ಮೇಲ್ಮೈ ಒರಟಾಗಿದೆ. ಕುದುರೆ ನಿಲ್ಲುವ ಬದಿಯಲ್ಲಿ ಕಂಬಿ ಹಾಕಿಲ್ಲ. ಸವಾರರು ಪಾದ ಇಡುವ ರಿಕಾಪು ಸಿಕ್ಕಿಕೊಳ್ಳದಂತೆ ಮೂಲೆಗಳನ್ನೆಲ್ಲ ದುಂಡಗೆ ಉಜ್ಜಿದ್ದೇವೆ. ಎದುರಿಗೆ ಇನ್ನೊಂದು ಚಿಕ್ಕ ಕಟ್ಟೆ. ಕುದುರೆ ಇವೆರಡರ ನಡುವೆ ನಿಂತರೆ ಆಚೆಗೆ ಸರಿಯಲು ಆಸ್ಪದವಿಲ್ಲ, ಆ ಬದಿಯಿಂದ ಕಾಲು ಹಿಡಿದುಕೊಳ್ಳಲು ಒಬ್ಬರಿಗೆ ಜಾಗವೂ ಆಯಿತು.

ನಿಜವಾಗಿ ಸಮಯ ಹಿಡಿಯುತ್ತಿರುವುದು ಕಂದು ಬಣ್ಣದ ಹೆಣ್ಣು ಕುದುರೆಯ ತಯಾರಿ. ಬೇಟೆಗೆ ಸಿಕ್ಕುವ ಪ್ರಾಣಿಯ ಮನಸ್ಸು ಅದರದು. ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆ ಕಾಣುತ್ತದೆ, ಹಣೆಯ ಎದುರಿಗೇ ಮತ್ತು ನೇರ ಬೆನ್ನ ಹಿಂದೆ ಮಾತ್ರ ಕಾಣದು. ಬೆನ್ನಿನ ಮಟ್ಟಕ್ಕೆ, ಪಕ್ಕದಿಂದ, ಏನೋ ಎತ್ತರವಾಗಿ ಬಂದರೆ ಓಡಬೇಕೆನಿಸುವುದು ಸಹಜ. ಕಟ್ಟೆಯ ಮೇಲಿನ ಕುರ್ಚಿ ಬರುವುದು ಸರಿಯಾಗಿ ಅಲ್ಲಿಂದಲೇ. ಹಾಗಾಗಿ ಮೊದಲು ಸಂದಿಯಲ್ಲಿ ನಿಲ್ಲಿಸದೆ ನಡೆಸಿದೆವು. ಆಮೇಲೆ ನಿಲ್ಲಿಸಿ, ಕೂಡಲೇ ಮುಂದೆ ಕರೆದುಕೊಂಡು ಹೋದೆವು. ಆಮೇಲೆ ಮೇಲೆ ಖಾಲಿ ಕುರ್ಚಿ. ಅದಕ್ಕೂ ಒಗ್ಗಿತು. ಬ್ರೇಕ್ ಹಾಕುವಾಗಿನ ಟಕ್ ಸದ್ದಿಗೆ ಮಾತ್ರ ಕಿವಿ ಹಿಂದಕ್ಕೆ ಮಡಚಿ, ಮೂಗಿನ ಹೊಳ್ಳೆ ಬಿಗಿಹಿಡಿಯುತ್ತಿತ್ತು. ಸದ್ದು ಮಾಡಿ ಸುಮ್ಮನೆ ಕಾಯುವುದು, ಅದು ತಲೆ ತಗ್ಗಿಸಿ ಬಾಯಿ ಚಪ್ಪರಿಸಿದ ಮೇಲೆ ಮತ್ತೆ ಸದ್ದು ಮಾಡುವುದು. ಈಗ ಒಂದು ಕಿವಿ ಮಾತ್ರ ಇತ್ತ ತಿರುಗುತ್ತದೆ. ಅಷ್ಟು ಸಾಕು, ಕುದುರೆಗೆ ಏನೂ ಗೊತ್ತಾಗದಂತಿರಬೇಕು ಅಂತ ನಾನು ಬಯಸುವುದಿಲ್ಲ, ಗೊತ್ತಾಗಿಯೂ ನಿಂತಿರಲಿ.

ಇನ್ನು ಉಳಿದಿರುವುದು ಓರೆಯಾಗಿ ಬೀಳುವ ಭಾರ. ಮಾಮೂಲಿ ಸವಾರರ ಹಾಗೆ ಒಂದೇ ಏಟಿಗೆ ಕಾಲು ದಾಟಿಸುವವರಲ್ಲ ಇವರು. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಸ್ನಾಯುಗಳ ಹತೋಟಿ ತಪ್ಪುವ ಸ್ಥಿತಿ) ಇದ್ದು ತೊಡೆಯ ಸ್ನಾಯು ಬಿಗಿದಿದ್ದರೆ ಕಾಲನ್ನು ನಿಧಾನವಾಗಿ ದಾಟಿಸಬೇಕು, ಕೂತ ಮೇಲೂ ಹೊರಡಲು ಅವಸರ ಮಾಡುವ ಹಾಗಿಲ್ಲ. ಕುದುರೆಯ ಮೈಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್, ನಮಗಿಂತ ತುಸು ಹೆಚ್ಚು. ತಡಿ ಬಿಟ್ಟು ಮೆತ್ತನೆಯ ಹಾಸು ಮಾತ್ರ ಹಾಕಿದರೆ ಆ ಬಿಸಿ ಬಿಗಿದ ತೊಡೆಗೆ ತಾಕುತ್ತದೆ. ನಡೆಯತೊಡಗಿದಾಗ ಅದರ ಬೆನ್ನು ಮೇಲೆ ಕೆಳಗೆ, ಅತ್ತ ಇತ್ತ, ಹಿಂದೆ ಮುಂದೆ ಆಡುತ್ತದೆ. ಮನುಷ್ಯ ನಡೆಯುವಾಗ ಸೊಂಟ ಆಡುವುದೂ ಬಹುಪಾಲು ಹೀಗೆಯೇ. ಸ್ವಂತ ಕಾಲಲ್ಲಿ ನಡೆಯದ ಮಗುವಿನ ಸೊಂಟಕ್ಕೆ ಆ ಲಯ ಸಿಗುವುದನ್ನು ಪಕ್ಕದಲ್ಲೇ ನಡೆಯುತ್ತಾ ನೋಡಬೇಕು. ಈ ಕೆಲಸ ಬಿಡದಂತೆ ನನ್ನನ್ನು ಹಿಡಿದಿಟ್ಟಿರುವುದು ಅದೇ.

ಹತ್ತಲು ನೆರವು ಬೇಕಾದವರು ಸವಾರರಲ್ಲ ಅನ್ನುವವರಿಗೆ ನಾನು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಹೆಸರು ಹೇಳುತ್ತೇನೆ. 1944ರಲ್ಲಿ ಪೋಲಿಯೋ ತಗುಲಿ ಆಕೆಯ ಮೊಣಕಾಲಿನ ಕೆಳಗೆ ಶಕ್ತಿ ಉಳಿಯಲಿಲ್ಲ. ಕುದುರೆ ಹತ್ತಿಸಲು, ಇಳಿಸಲು ಜನ ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ (ಕುದುರೆಯನ್ನು ನಾಜೂಕಾಗಿ, ಹಿಡಿತದಿಂದ ನಡೆಸುವ ಸ್ಪರ್ಧೆ) ಗಂಡಸರ ಜತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು.

ಸವಾರರನ್ನು ಹಿಡಿದುಕೊಂಡು ಕುದುರೆಯ ಎರಡೂ ಪಕ್ಕ ನಡೆಯುವವರ ತರಬೇತಿ ಚೆನ್ನಾಗಿ ಸಾಗಿದೆ. ಕೈಯನ್ನು ಸವಾರರ ತೊಡೆಯ ಮೇಲಿಂದ ಹಾಯಿಸಿ ಹಾಸಿನ ಅಂಚು ಹಿಡಿಯುವುದು ರೂಢಿಯಾಗಿದೆ. ಮೊಣಕೈಯನ್ನು ಕುದುರೆಯ ಪಕ್ಕೆಗೆ ಊರಬಾರದು, ಇಬ್ಬರೂ ಒಟ್ಟಿಗೆ ಸೂಚನೆ ಕೊಡಬಾರದು ಅನ್ನುವುದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಮಾತು ತರಬೇತುದಾರರದು ಮಾತ್ರ.

ಹೊಸದಾಗಿ ಹೆಸರು ಕೊಟ್ಟವರ ವೈದ್ಯರ ಚೀಟಿ ಬರುವವರೆಗೆ ಯಾರನ್ನೂ ಹತ್ತಿಸುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಿರಬಹುದು, ಹಾಗಿದ್ದರೆ ಸವಾರಿ ಬೇಡ. ಹತೋಟಿಗೆ ಬಾರದ ಫಿಟ್ಸ್ ಇದ್ದರೂ ಬೇಡ.

ಮುಂದಿನ ವಾರ: ನಮ್ಮಲ್ಲೇ ಒಬ್ಬರು ಕುರ್ಚಿಯಿಂದ ಓರೆಯಾಗಿ ದಾಟಿ ಕೂರುವ ಅಭ್ಯಾಸ, ಕುದುರೆ ಮಿಸುಕದೆ ನಿಂತರೆ ಮಾತ್ರ ಮುಂದಿನ ಹಂತ. ಗೊರಸು ಕತ್ತರಿಸುವ ಸಮಯವೂ ಬಂತು, ಅವತ್ತು ಅದಕ್ಕೆ ರಜೆ. ಪಕ್ಕ ನಡೆಯಲು ಇನ್ನೂ ಇಬ್ಬರು ಬೇಕು. ಕುದುರೆಯ ಪರಿಚಯ ಇರಲೇಬೇಕೆಂದಿಲ್ಲ, ಸವಾರಿ ಮುಗಿಯುವ ತನಕ ಕೈ ಬಿಡದೆ ನಡೆಯಲು ಆಗಬೇಕು.