ತಗದದ್ದು, ಉಳಿಸ್ಕೊಂಡದ್ದು

ಬಾಗಲಕೋಟಿ ಕಾಲೇಜಿನ್ಯಾಗ ನಮ್ಮ ಬ್ಯಾಚಿನವ್ರಿಗೆ ನಾ ಅಂದ್ರ ಬೋರ್ಡ್ ಬರಿಯೋ ಹುಡುಗ ಅಷ್ಟ. ಗ್ಯಾದರಿಂಗ್ ಬ್ಯಾನರ್, ಸೆಂಡಾಫ್ ಕಾರ್ಡು, ಭಿತ್ತಿಪತ್ರಿಕೆ, ಎಲ್ಲಾ ನನ್ನ ಕಡೇನ ಬರ್ತಿತ್ತು. ಭಿತ್ತಿಪತ್ರಿಕೆ ನೋಡ್ಕೊತಿದ್ದ ಕನ್ನಡ ಸರ್ ಹುಡುಗೂರು ಕೊಟ್ಟದ್ರಾಗ ಅರ್ಧಾನ ಹಚ್ಚಾಕ ಬಿಡ್ತಿದ್ದಿಲ್ಲ, "ಜಾಗಾ ಖಾಲಿ ಇರ್ಲಿ ಬಿಡೋ, ಓದೋರ ಕಣ್ಣು ನಿಲ್ಲಬೇಕಲ್ಲ" ಅಂತಿದ್ರು. ಸಿಟ್ಟು ಬರ್ತಿತ್ತು ಖರೇನ.

ಡಿಗ್ರಿ ಮುಗದ ಮ್ಯಾಲೆ ಫ್ರೀಲಾನ್ಸ್ ಡಿಸೈನ್ ಶುರು ಮಾಡಿ ಬಿಹಾನ್ಸ್ ಅನ್ನೋ ವೆಬ್‌ಸೈಟಿನ್ಯಾಗ ಪೋರ್ಟ್‌ಫೋಲಿಯೋ (ಮಾಡಿದ ಕೆಲಸ ತೋರ್ಸೋ ಪುಟ) ಇಟ್ಟೆ. ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ಕೋಚಿಂಗ್ ಕ್ಲಾಸಿನ ಪಾಂಪ್ಲೆಟ್, ಮಾಡಿದ್ದೆಲ್ಲಾ ಅದರಾಗ. ನೋಡಿದವ್ರು ಏನ್ ಕೇಳ್ತಾರ ಹೇಳ್ರಿ? ಮತ್ತ ಫ್ಲೆಕ್ಸ! ರಾತ್ರಿ ಫೋಟೋ ಕಳಿಸಿ ಮುಂಜಾನೆ ಬೇಕು ಅನ್ನೋರು. ಆ ಕೆಲಸಾ ಕೀಳಂತ ಅಲ್ಲ, ನನ್ನ ಮನಿ ನಡದದ್ದ ಅದರಿಂದ, ಆದ್ರ ನನ್ನ ಮನಸ್ಸು ಇದ್ದದ್ದು ಕನ್ನಡ ಅಕ್ಷರದ ಮ್ಯಾಲೆ, ಪ್ಯಾಕೇಜಿಂಗ್ ಮ್ಯಾಲೆ.

ಆವಾಗ ಸರ್ ನೆನಪಾದ್ರು. ಫ್ಲೆಕ್ಸ್ ಪೂರ್ತಿ ತಗದೆ (ಮಾಡೂದು ಬಿಡಲಿಲ್ಲ, ತೋರ್ಸೂದು ಬಿಟ್ಟೆ). ಆದ್ರ ನನಗ ಬೇಕಾದಂಥ ಕೆಲಸ ಯಾರೂ ಕೊಟ್ಟಿಲ್ಲಂದ್ರ ತೋರ್ಸೂದರ ಏನು? ನಾನ ಹುಟ್ಟಿಸ್ಕೊಂಡೆ. ಇಳಕಲ್ ಸೀರಿಗೆ ಒಂದು ಡಬ್ಬಿ. ಎಲ್ಲಾರೂ ಕೆಂಪು ಸೆರಗಿನ ಮ್ಯಾಲಿನ ತೋಪು ತೆನಿ ಅನ್ನೋ ಬಿಳಿ ಚಿತ್ತಾರಾನ ಎತ್ತಿ ಅಚ್ಚು ಹಾಕ್ತಾರ, ನಾ ಅದನ್ನ ಮುಟ್ಟಲಿಲ್ಲ, ಸೀರಿ ಮೈಯಿನ ಹಾಸು (ಮಗ್ಗದ ಉದ್ದ ನೂಲು), ಸೆರಗಿನ ಹಾಸು, ಎರಡನ್ನೂ ಕೊಂಡಿ ಹಾಕಿ ಜೋಡಸ್ತಾರಲ್ಲ, ಆ ಕೊಂಡೀನ ಮುಚ್ಚಳ ಕೂಡೋ ಜಾಗಾದಾಗ ತಂದೆ. ಗಿರಾಕಿ ಕೊಟ್ಟಿದ್ದಲ್ಲ, ಸ್ವಂತ ಪ್ರಾಜೆಕ್ಟ್ ಅಂತ ಕೆಳಗ ಬರದೆ. ಸುಳ್ಳ ಗಿರಾಕಿ ಹೆಸರು ಹಾಕೋರು ಅದಾರ, ನನಗದು ಸೇರಂಗಿಲ್ಲ.

ಉಳದ ಕೆಲಸಕ್ಕೂ ಬರೇ ಫೋಟೋ ಇಡದ, ಗಿರಾಕಿಗೆ ಏನು ಬೇಕಿತ್ತು, ನಾ ಯಾಕ ಹಿಂಗ ಮಾಡಿದೆ ಅಂತ ನಾಕ ಸಾಲು ಬರದೆ. ಒತ್ತಕ್ಷರ ಕೆಳಗಿನ ಸಾಲಿಗೆ ಬಡೀಬಾರದಂತ ನಡುವ ಎಷ್ಟು ಜಾಗಾ ಬಿಟ್ಟೆ, ಹಳೇ ನುಡಿ ಫಾಂಟಿನ್ಯಾಗ ಕೊಟ್ಟಿದ್ದನ್ನ ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಯೂನಿಕೋಡ್‌ಗೆ ಯಾಕ ತಂದೆ (ಇಲ್ಲಂದ್ರ ವೆಬ್‌ಸೈಟಿಗೆ ಹಾಕಿದ್ರ ಹುಡುಕಿದ್ರೂ ಸಿಗಂಗಿಲ್ಲ), ಇಂಥಾವು. ಇದನ್ನ ಓದಿ ಬರೋರು ಬ್ಯಾರೆ ಥರದವ್ರು, ರೇಟಿಗಿಂತ ಮೊದಲ ಅಕ್ಷರದ ಮಾತು ತಗೀತಾರ.

ಗುಳೇದಗುಡ್ಡ ಖಣ (ಕುಪ್ಪಸದ ಅರಿವಿ) ಮಾರೋರೊಬ್ರು ಲೇಬಲ್ ಮಾಡಸಾಕ ಫೋನ್ ಮಾಡಿ "ಆ ಸೀರಿ ಡಬ್ಬಿ ಮಾಡಿದವ್ರು ನೀವ ಏನ್ರಿ?" ಅಂದ್ರು, ಅಡ್ವಾನ್ಸೂ ಹಾಕಿದ್ರು. ಫ್ಲೆಕ್ಸಿನವ್ರು ಈಗೂ ಕರೀತಾರ, ಅವ್ರನ್ನ ಜೂನಿಯರ್ ಒಬ್ಬಂಗ ದಾಟಿಸ್ತೀನಿ. ಅಂದಂಗ ಈ ಸಲ ನಮ್ಮ ಕಾಲೇಜ್ ಮ್ಯಾಗಝಿನ್ ಮುಖಪುಟ ಯಾರು ಮಾಡಾಕತ್ತೀರಿ? ಪ್ರಿಂಟಿಗೆ ಹೋಗೂಕಿಂತ ಮೊದಲ ಒಮ್ಮೆ ಕಳಸ್ರಿ, ನೋಡ್ತೀನಿ.