ಹಳೇ ಪ್ಲಗ್ ಕೈಯಲ್ಲಿ ಹಿಡಿದು

ಒಂದು ವಾರದಿಂದ ಬೆಳಗ್ಗೆ ಬೈಕ್ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಇವತ್ತು ಕೂತು ನಾನೇ ಸ್ಪಾರ್ಕ್ ಪ್ಲಗ್ (ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ಭಾಗ) ಬಿಚ್ಚಿದೆ. ಎಂಜಿನ್ ಪೂರ್ತಿ ತಣ್ಣಗಿತ್ತು. ಮೊದಲು ಸುತ್ತಲಿನ ಧೂಳು ಊದಿ ತೆಗೆದೆ, ಇಲ್ಲದಿದ್ದರೆ ಅದು ನೇರ ಸಿಲಿಂಡರ್ ಒಳಗೇ ಬೀಳುತ್ತದೆ.

ಪ್ಲಗ್ ತುದಿ ನೋಡಿದರೆ ಎಂಜಿನ್ ಒಳಗಿನ ಸಮಾಚಾರ ಅರ್ಧ ಗೊತ್ತಾಗುತ್ತದೆ. ತಿಳಿ ಕಂದು ಬಣ್ಣವಿದ್ದರೆ ಚಿಂತೆಯಿಲ್ಲ. ಎಣ್ಣೆ ಜಿಡ್ಡಿದ್ದರೆ ಆಯಿಲ್ ಒಳಗೆ ಸೇರುತ್ತಿದೆ ಅಂತ. ಒಣ ಕಪ್ಪು ಮಸಿ ಇದ್ದರೆ ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿಯಾಗಿರಬಹುದು. ನನ್ನದು ಒಣ ಮಸಿ. ಏರ್ ಫಿಲ್ಟರ್ ತೆಗೆದು ನೋಡಿದೆ, ಧೂಳಿನ ಮುದ್ದೆ! ಪಾಪ, ಉಸಿರಾಡುವುದಾದರೂ ಹೇಗೆ?

ಹೊಸ ಪ್ಲಗ್‌ನ ಗ್ಯಾಪನ್ನು (ತುದಿಯಲ್ಲಿ ಕಿಡಿ ಹಾರುವ ಸಂದು) ತೆಳು ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ಅಳೆದೆ. ನನ್ನ ಬೈಕಿನ ಮ್ಯಾನ್ಯುಯಲ್ ಹೇಳುವುದು 0.7 ಮಿ.ಮೀ. ಮೊದಲ ಸುತ್ತುಗಳನ್ನು ಬರೀ ಬೆರಳಲ್ಲೇ ತಿರುಗಿಸಬೇಕು. ಸ್ಪ್ಯಾನರ್ ಹಾಕಿಯೇ ಶುರು ಮಾಡಿದರೆ ಥ್ರೆಡ್ ಹಾಳಾಗುವ ಭಯ, ಪ್ಲಗ್ ಕೂರುವ ಎಂಜಿನ್ ಹೆಡ್ ಮೆತ್ತನೆಯ ಅಲ್ಯೂಮಿನಿಯಂ ಅಲ್ವಾ. ವಾಷರ್ ಕೂತ ಮೇಲೆ ಅರ್ಧ ಸುತ್ತು ಸಾಕು.

ಒಂದು ಮಿಲಿಮೀಟರ್ ಕೂಡ ಇಲ್ಲದ ಜಾಗ. ಇಷ್ಟು ವರ್ಷ ನಾನು ಈ ಬೈಕಲ್ಲಿ ಹೋದ ದಾರಿಗಳೆಲ್ಲ ಅಲ್ಲಿ ಹಾರಿದ ಕಿಡಿಯಿಂದಲೇ ಶುರುವಾಗಿದ್ದು. ಹಳೇ ಪ್ಲಗ್ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಎಸೆಯಲು ಮನಸ್ಸು ಬರಲಿಲ್ಲ.